ಸಹಾಯ ಬೇಕು: ಆಂಕಿಗೆ (ಪದ ನೆನಪಿಡೋ ಕಾರ್ಡ್‌ಗಳ ಆ್ಯಪ್) ಇಂಪೋರ್ಟ್ ಮಾಡಿದ್ರೆ ಒಂದೇ ರೂಪದ ಜರ್ಮನ್ ಪದಗಳು ಒಂದರ ಮೇಲೊಂದು ಕೂರ್ತಿವೆ

ಎಲ್ರಿಗೂ ನಮಸ್ಕಾರ. ಬುಕ್‌ಮಾರ್ಕ್ ಮಾಡಿದ ಜರ್ಮನ್ ಪುಟಗಳಿಂದ ಪದ, ವಾಕ್ಯ, ಕನ್ನಡ ಅರ್ಥ, ಲಿಂಕ್ ತೆಗೆದು ಗೂಗಲ್ ಶೀಟ್‌ನಲ್ಲಿ ನಾಲ್ಕು ಕಾಲಂ ಮಾಡಿದ್ದೀನಿ. ಅದನ್ನ ಟಿಎಸ್‌ವಿ ಫೈಲ್ (ಕಾಲಂಗಳ ಮಧ್ಯೆ ಟ್ಯಾಬ್ ಇರೋ ಪಠ್ಯ ಫೈಲ್) ಆಗಿ ಇಳಿಸಿ ಆಂಕಿಗೆ ಹಾಕ್ತೀನಿ. ಕನ್ನಡ ಅಕ್ಷರ ಸರಿಯಾಗೇ ಬರ್ತಿವೆ.

ತೊಂದರೆ ಇರೋದು 'ಡೀ ಬಾಂಕ್' ತರದ ಪದಗಳಲ್ಲಿ. ಕೂರೋ ಬೆಂಚು ಅಂತಾದ್ರೆ ಬಹುವಚನ 'ಬೆಂಕ', ಹಣದ ಬ್ಯಾಂಕ್ ಅಂತಾದ್ರೆ 'ಬಾಂಕೆನ್'. ಆಂಕಿ ಮೊದಲ ಕಾಲಂ ನೋಡಿ ಎರಡೂ ಒಂದೇ ಅಂದ್ಕೊಳ್ಳುತ್ತೆ. ಇಂಪೋರ್ಟ್ ಆಯ್ಕೆಯಲ್ಲಿ 'ಅಪ್‌ಡೇಟ್' ಇಟ್ರೆ ಬೆಂಚಿನ ಕಾರ್ಡಲ್ಲಿ ಬ್ಯಾಂಕಿನ ಅರ್ಥ ಬರುತ್ತೆ. 'ಡ್ಯೂಪ್ಲಿಕೇಟ್' ಇಟ್ರೆ ಹಳೆಯ 600 ಪದಗಳೂ ಪ್ರತಿಸಲ ಮತ್ತೆ ಸೇರ್ತವೆ.

ಪದದ ಪಕ್ಕ ಬಹುವಚನ ಬರೆದು ನೋಡಿದೆ. ನಾಮಪದಕ್ಕೆ ಆಯ್ತು, ಆದ್ರೆ 'ಉಮ್‌ಫಾರೆನ್' ಕ್ರಿಯಾಪದ. 'ಉಮ್' ಮೇಲೆ ಒತ್ತು ಬಿದ್ರೆ ಗಾಡಿ ಗುದ್ದಿ ಬೀಳಿಸೋದು, 'ಫಾ' ಮೇಲೆ ಬಿದ್ರೆ ಬಳಸಿಕೊಂಡು ಹೋಗೋದು. ಬರವಣಿಗೆಯಲ್ಲಿ ಎರಡೂ ಒಂದೇ!

ಹಾಗಾಗಿ ಶೀಟ್‌ನ ಸಾಲಿನ ಸಂಖ್ಯೆಯನ್ನೇ ಮೊದಲ ಫೀಲ್ಡ್ (ಆಂಕಿಯಲ್ಲಿ ಒಂದು ಕಾಲಂ ಕೂರೋ ಖಾನೆ) ಮಾಡೋಣ ಅಂತಿದ್ದೀನಿ. ಹಳೆಯ 600 ಕಾರ್ಡ್‌ಗಳ ರಿವ್ಯೂ ಇತಿಹಾಸ (ಯಾವಾಗ ಓದಿದೆ ಅನ್ನೋ ದಾಖಲೆ) ಹೋಗದ ಹಾಗೆ ಅವಕ್ಕೂ ಸಂಖ್ಯೆ ತುಂಬೋದು ಹೇಗೆ? ಮೊದಲು ಫೀಲ್ಡ್ ಸೇರಿಸಬೇಕಾ, ಇಲ್ಲಾ ಮೊದಲು ಎಕ್ಸ್‌ಪೋರ್ಟ್ ಮಾಡಬೇಕಾ? ಮಾಡಿ ನೋಡಿದವರು ಹಂತ ಹಂತವಾಗಿ ಹೇಳಿ, ದಯವಿಟ್ಟು.