ಸಾವನದುರ್ಗದ ನುಣುಪು ಬಂಡೆ: ಗೊತ್ತಿರುವವರು ಸ್ವಲ್ಪ ಹೇಳಿಕೊಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಾಗಡಿ ಹತ್ತಿರದ ಸಾವನದುರ್ಗದಲ್ಲಿ ಬಂಡೆ ಹತ್ತುವಾಗ ಮೊದಲ ಸಲ ಲೀಡ್ ಮಾಡಬೇಕು, ಅಂದರೆ ಹಗ್ಗ ಕಟ್ಟಿಕೊಂಡು ಮುಂದೆ ಹತ್ತಬೇಕು ಅಂತಿದ್ದೇನೆ. ರಾಮನಗರದಲ್ಲಿ ಬಂಡೆಗೆ ಮೊದಲೇ ಬೋಲ್ಟ್ ಹೊಡೆದಿರುವ ರೂಟ್‌ಗಳನ್ನು ಹತ್ತಿ ರೂಢಿ ಇದೆ. ಆದರೆ ಈ ಗ್ರಾನೈಟ್ ಇಳಿಜಾರು ಬೇರೆಯೇ ಲೆಕ್ಕ. ಹಿಡಿಯೋಕೆ ಏನೂ ಇಲ್ಲ, ಶೂ ರಬ್ಬರನ್ನೇ ನಂಬಬೇಕು. ಹೋದ ವಾರ ಸೆಕೆಂಡ್ ಆಗಿ, ಅಂದರೆ ಲೀಡ್ ಮಾಡುವವರ ಹಿಂದೆ ಹತ್ತುವಾಗ ಹೆದರಿ ಬಂಡೆಗೇ ಅಪ್ಪಿಕೊಂಡೆ. ಹಿಮ್ಮಡಿ ಮೇಲೆದ್ದಿತು, ಕಾಲು ಗಡಗಡ ನಡುಗಿತು, ಜಾರಿದೆ. ತರಚಿದ ಮೊಣಕೈ ಇನ್ನೂ ಉರಿಯುತ್ತಿದೆ!

ಬಿರುಕೇ ಸಿಗದ ಕಡೆ, ಕೊನೆಯ ಕ್ಯಾಮ್‌ನಿಂದ (ಬಿರುಕಿಗೆ ಸಿಕ್ಕಿಸಿ ಹಗ್ಗ ಹಾಕುವ ಸಾಧನ) ಹತ್ತು ಮೀಟರ್ ಮೇಲೆ ಹೋದಾಗ ತಲೆ ಹೇಗೆ ತಣ್ಣಗಿಟ್ಟುಕೊಳ್ಳುತ್ತೀರಿ? ಸಣ್ಣ ನಟ್‌ಗಳು (ಬಿರುಕಿಗೆ ಸಿಕ್ಕಿಸುವ ಲೋಹದ ತುಂಡುಗಳು) ಜಾಸ್ತಿ ಬೇಕಾ? ಬೆಳಗ್ಗೆ ಎಷ್ಟಕ್ಕೆ ಶುರು ಮಾಡಬೇಕು? ಬಿಸಿಲೇರಿದರೆ ಬಂಡೆ ಕಾದ ಹೆಂಚು, ಅಲ್ವಾ.

ಅನುಭವ ಇರುವವರು ಒಂದು ದಿನ ಜೊತೆಗೆ ಬರುತ್ತೀರಾ? 60 ಮೀಟರ್ ಹಗ್ಗ ನನ್ನದು, ತಟ್ಟೆ ಇಡ್ಲಿ ಖರ್ಚೂ ನನ್ನದೇ.