ಸೋವಿಯತ್ ಸಾಹಿತ್ಯ ಪತ್ರಿಕೆಯ ಕಾರ್ಯದರ್ಶಿಗೆ ಏನು ಕೆಲಸ?

ಪ್ರಶ್ನೆ: ಸೋವಿಯತ್ ಸಾಹಿತ್ಯ ಮಾಸಿಕ ‘ನೋವಿ ಮಿರ್’ ಅಂದರೆ ಅದರ ಪ್ರಧಾನ ಸಂಪಾದಕ ತ್ವಾರ್ದೊವ್‌ಸ್ಕಿ ನೆನಪಾಗುತ್ತಾರೆ. ಅಂಥ ಪತ್ರಿಕೆಗಳಲ್ಲಿ ಕಾರ್ಯದರ್ಶಿ ಏನು ಮಾಡುತ್ತಿದ್ದರು?

ಉತ್ತರ 1: ಸಂಚಿಕೆ ಹೊರತರುವ ಹೊಣೆಯೇ ಅವರದು. ಬರಹದ ಅಳತೆ (ಒಂದು ‘ಲೇಖಕರ ಹಾಳೆ’ ಅಂದರೆ ಖಾಲಿ ಜಾಗವೂ ಸೇರಿ 40,000 ಅಕ್ಷರ), ಕರಡಚ್ಚು, ಮುದ್ರಣಾಲಯ, ಸೆನ್ಸಾರ್ ಕಚೇರಿ ಗ್ಲಾವ್‌ಲಿಟ್ — ಎಲ್ಲವನ್ನೂ ಅವರೇ ನೋಡಿಕೊಳ್ಳಬೇಕಿತ್ತು. ಗ್ಲಾವ್‌ಲಿಟ್ ಒಪ್ಪಿಗೆ ಎರಡು ಸಲ ಬೇಕಿತ್ತು: ಮುದ್ರಣಕ್ಕೊಮ್ಮೆ, ಬಿಡುಗಡೆಗೊಮ್ಮೆ. ಕೊನೇ ಗಳಿಗೆಯಲ್ಲಿ ಕಥೆಯೊಂದನ್ನು ಕಿತ್ತರೆ ಅಷ್ಟೇ ಪುಟ ತುಂಬುವ ಬರಹ ಸಿದ್ಧವಿರಬೇಕಿತ್ತು, ಇಲ್ಲದಿದ್ದರೆ ಸಂಚಿಕೆ ತಡವಾಗುತ್ತಿತ್ತು.

ಉತ್ತರ 2: ವಿಭಾಗ ಸಂಪಾದಕರನ್ನು ಮರೆಯಲೇಬಾರದು. ಸೊಲ್ಜೆನಿತ್ಸಿನ್‌ರ ‘ಇವಾನ್ ಡೆನಿಸೊವಿಚ್’ ಕಿರುಕಾದಂಬರಿಯ ಹಸ್ತಪ್ರತಿ ಹಾಳೆಯ ಎರಡೂ ಬದಿ ಒತ್ತೊತ್ತಾಗಿ ಟೈಪಾಗಿತ್ತು. ಗದ್ಯ ವಿಭಾಗದ ಆನ್ನಾ ಬೆರ್ಜರ್ ಅದನ್ನು ಮತ್ತೆ ಟೈಪ್ ಮಾಡಿಸಿ, ನಡುವಿನ ಸಂಪಾದಕರನ್ನು ಬಿಟ್ಟು ನೇರ ತ್ವಾರ್ದೊವ್‌ಸ್ಕಿಗೇ ಕೊಟ್ಟರು. 1962ರ ನವೆಂಬರ್ ಸಂಚಿಕೆಯಲ್ಲಿ ಅಚ್ಚಾಯಿತು.

ಉತ್ತರ 3: ಹಳೇ ಸಂಚಿಕೆ ಸಿಕ್ಕರೆ ಮುದ್ರಣ ವಿವರದ ಸಣ್ಣಕ್ಷರ ಓದಿ. ಅಚ್ಚಿಗೆ ಸಹಿಯಾದ ತಾರೀಕು ಅಲ್ಲಿರುತ್ತದೆ.