ಬೆಳ್ಳಿ ಝುಮಕಿ ಹಿತ್ತಾಳಿಗೆ ಬಂದರ ಏನು ನೋಡಬೇಕು? – ಬಲ್ಲವರ ಅನುಭವ

ಕೇಳಿದ್ದು (ಧಾರವಾಡ)

ನಮಗ ಭಾಳ ಸೇರೋ ಡಿಸೈನರ್ ಒಬ್ಬರು ಇಷ್ಟು ವರ್ಷ ಝುಮಕಿ, ಬುಗುಡಿ, ಬೋರಮಾಳ ಎಲ್ಲಾ 925 ಬೆಳ್ಳಿ (ನೂರಕ್ಕ 92.5 ಪಾಲು ಶುದ್ಧ) ಮ್ಯಾಲೆ ಬಂಗಾರದ ಪಾಲಿಶ್ (ತೆಳು ಲೇಪ) ಹಾಕಿ ಮಾಡ್ತಿದ್ರು. ಈಗ ಅದೇ ವಿನ್ಯಾಸ ಹಿತ್ತಾಳಿ ಮ್ಯಾಲೆ ಬರಾಕತ್ತಾವ. ಕೆಂಪು ಹರಳಿಗೆ ‘ಹೈಡ್ರೋ’ ಅಂತ ಬರದಿರ್ತಾರ. ರೇಟು ಅಷ್ಟೇನೂ ಇಳಿದಿಲ್ಲ. ತಗೋಬಹುದೇನ್ರಿ? ಹಳೇ ಬೆಳ್ಳಿ ಸೆಟ್ಟಿನ ಜೋಡಿ ಬಣ್ಣ ಕೂಡ್ತದೇನು? ಇಲ್ಲೇ ಪತ್ತಾರರ ಕಡೆ ಬೆಳ್ಳಿಯೊಳಗ ಮಾಡಿಸಿದ್ರ ಹೆಂಗ?

ಹುಬ್ಬಳ್ಳಿ, ಪಾಲಿಶ್ ಕೆಲಸ

ಹಿತ್ತಾಳಿ ಅಂದಕೂಡ್ಲೆ ಬ್ಯಾಡ ಅನಬ್ಯಾಡ್ರಿ. ಪಾಲಿಶ್ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ದಪ್ಪ, ಅದರ ಕೆಳಗ ಏನದ, ಇವೆರಡು ಮೊದಲ ಕೇಳ್ರಿ. ಒಂದು ಚದರ ಸೆಂಟಿಮೀಟರ್ ಜಾಗಾಕ್ಕ ಒಂದು ಮೈಕ್ರಾನ್ ಬಂಗಾರ ಕೂಡಿಸಬೇಕಂದ್ರ ಹತ್ರ ಹತ್ರ 1.93 ಮಿಲಿಗ್ರಾಂ ಬೇಕು. ಜೋಡಿ ಝುಮಕಿ ಮೈ 40 ಚದರ ಸೆಂ.ಮೀ. ಅಂತ ಹಿಡೀರಿ: ಒಂದು ಮೈಕ್ರಾನ್‌ಗೆ 77 ಮಿಲಿಗ್ರಾಂ ಆತು, 0.2 ಮೈಕ್ರಾನ್‌ಗೆ ಬರೇ 15. ಅಂಗಡಿಯೊಳಗ ಎರಡೂ ಒಂದೇ ಥರಾ ಹೊಳೀತಾವ, ಫರಕು ತಿಳಿಯೂದು ಬೆವರು, ಸೆಂಟು ತಾಗಿದ ಮ್ಯಾಲೆ.

ಹಿತ್ತಾಳಿಯಾಗಿನ ತಾಮ್ರ, ಸತು ಸಾವಕಾಶ ಬಂಗಾರದ ಪದರಿನೊಳಗಿಂದ ಮ್ಯಾಲೆ ಏರ್ತಾವ. ಆಮ್ಯಾಲೆ ಕಪ್ಪು ಚುಕ್ಕಿ, ಹಸರು ಕಿಲುಬು. ಅದನ್ನ ತಡೀಲಿಕ್ಕೆ ನಡುವ ಒಂದು ಪದರು ಹಾಕ್ತಾರ. ನಿಕ್ಕಲ್ ಸೋವಿ, ಆದ್ರ ಕೆಲವರ ಕಿವಿಗೆ ಅದು ತುರಿಕಿ ಮಾಡ್ತದ. ಪಲ್ಲಾಡಿಯಂ ಅಥವಾ ಬಿಳಿ ಕಂಚಿನ ಪದರು ಇದ್ರ ನಿಕ್ಕಲ್ಲಿನ ತೊಂದ್ರಿ ಇಲ್ಲ. ತಡೆ ಪದರು ಬೆಳ್ಳಿಗೂ ಬೇಕು. ಬಂಗಾರ ತೆಳು ಇದ್ರ ಬೆಳ್ಳಿನೂ ಮ್ಯಾಲೆ ಬಂದು ಕರ್ರಗಾಗ್ತದ.

ಹಳೇದು ಹೊಸದು ಬಣ್ಣ ಕೂಡಬೇಕಂದ್ರ ಎರಡನ್ನೂ ಒಂದೇ ದಿನ ಒಂದೇ ತೊಟ್ಟಿಯೊಳಗ ಪಾಲಿಶ್ ಮಾಡಿಸ್ರಿ. ತೊಟ್ಟಿ ಬ್ಯಾರೆ ಆದ್ರ ಹಳದಿ ಬ್ಯಾರೆ ಆಗ್ತದ. ಮುತ್ತು, ಅಂಟಿಸಿದ ಹರಳು ಮೊದಲ ತಗಸ್ರಿ. ಬಿಸಿ ದ್ರಾವಣಕ್ಕ ಅವು ತಾಳಂಗಿಲ್ಲ.

ಗದಗ, ಪತ್ತಾರಿಕೆ

ರಿಪೇರಿ ಮಾತು ಯಾರೂ ಕೇಳಂಗಿಲ್ಲ, ನಾನು ಅದನ್ನ ಮೊದಲ ಕೇಳು ಅಂತೀನಿ. ಬೆಳ್ಳಿ ಝುಮಕಿ ಕೊಂಡಿ ಮುರೀತಂದ್ರ ಟಾಕಾ (ಬೆಸುಗಿ) ಹಾಕಿ, ಒಪ್ಪ ಕೊಟ್ಟು, ಮತ್ತ ಪಾಲಿಶ್ ಮಾಡಬಹುದು. ಪಾಲಿಶ್ ಹಾಕಿದ ಹಿತ್ತಾಳಿಗೆ ಉರಿ ತೋರಿಸಿದ್ರ ಸುತ್ತಲ ಪದರು ಸುಟ್ಟು ಕಪ್ಪಾಗಿ, ಇಡೀ ನಗ ಮತ್ತ ಪಾಲಿಶ್‌ಗೆ ಹೋಗಬೇಕು. ಲೇಸರ್ ಬೆಸುಗಿ ಇರೋರ ಕಡೆ ಮಾಡಿಸಿದ್ರ ಸುಡೂದು ಸಣ್ಣ ಜಾಗಾ ಅಷ್ಟ.

ಒಳಗ ಅರಗು ತುಂಬಿದ ನಗಕ್ಕ ಉರಿ ಬ್ಯಾಡೇ ಬ್ಯಾಡ. ಬೋರಮಾಳದ ಗುಂಡು ಒಳಗ ಪೊಳ್ಳು ಇರ್ತದ, ಅರಗು ತುಂಬಿರ್ತಾರ. ಅರಗು 80 ಡಿಗ್ರಿ ಸುತ್ತಮುತ್ತನ ಕರಗ್ತದ, ಬೆಳ್ಳಿ ಟಾಕಾ ಹರೀಲಿಕ್ಕೆ 600–700 ಡಿಗ್ರಿ ಬೇಕು. ಅಂಥಾ ನಗಕ್ಕ ಕೂಡು ಉಂಗುರ, ದಾರ, ತಂತಿಯಿಂದನ ರಿಪೇರಿ.

ಕಿವಿಯೊಳಗ ಹೋಗೋ ತಿರುಪು ಮಾತ್ರ ಬೆಳ್ಳಿ ಅಥವಾ ಬಂಗಾರದ್ದ ಇರಲಿ. ಉಳಿದದ್ದು ಹಿತ್ತಾಳಿ ಇದ್ರೂ ನಡೀತದ. ಮಾಡೋರಿಗೆ ಮೊದಲ ಹೇಳಿದ್ರ ದೊಡ್ಡ ಖರ್ಚಲ್ಲ; ಆಮ್ಯಾಲೆ ಬದಲಿಸೂದು ಪಾಲಿಶ್ ಕೆಡಿಸ್ತದ. ‘ಜರ್ಮನ್ ಸಿಲ್ವರ್’ ಅಂದ್ರ ಮೋಸ ಹೋಗಬ್ಯಾಡ್ರಿ, ಅದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಗುಂಜಿನೂ ಇರಂಗಿಲ್ಲ.

ಹುಬ್ಬಳ್ಳಿ, ದುರ್ಗದಬೈಲ್ ಕಡೆಯವರು

ಮನೆಯಲ್ಲೇ ಪರೀಕ್ಷೆ ಮಾಡಬಹುದು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಮೊದಲು ನಗ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಗವನ್ನು ಸಣ್ಣ ದಾರದಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೆ ತಾಗದಂತೆ ಹಿಡಿಯಿರಿ. ಮೊದಲ ತೂಕವನ್ನು ಈಗ ತೋರಿಸುವ ಅಂಕಿಯಿಂದ ಭಾಗಿಸಿ. 925 ಬೆಳ್ಳಿಗೆ 10.3ರ ಆಸುಪಾಸು ಬರಬೇಕು, ಹಿತ್ತಾಳಿಗೆ 8.5ರ ಆಸುಪಾಸು. 20.72 ಗ್ರಾಂ ನಗ ನೀರಿನಲ್ಲಿ 2.00 ತೋರಿಸಿದರೆ ಬೆಳ್ಳಿ, 2.44 ತೋರಿಸಿದರೆ ಹಿತ್ತಾಳಿ.

ಝುಮಕಿಯ ಬುಟ್ಟಿಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬೆಳ್ಳಿಯೂ ಹಿತ್ತಾಳಿಯಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅಲುಗಾಡಿಸಿ. ಅರಗು ತುಂಬಿದ್ದು, ಹರಳು-ಮುತ್ತು ಜಾಸ್ತಿ ಇರುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಅಯಸ್ಕಾಂತದ ಪರೀಕ್ಷೆ ಇಲ್ಲಿ ಉಪಯೋಗವಿಲ್ಲ, ಬೆಳ್ಳಿಯೂ ಹಿತ್ತಾಳಿಯೂ ಅದಕ್ಕೆ ಅಂಟುವುದಿಲ್ಲ.

ಹಳೆಯ ಬಿಲ್ ಇದ್ದರೆ ಇನ್ನೂ ಸುಲಭ: ಅದೇ ಅಚ್ಚು, ಅದೇ ದಪ್ಪದ 20 ಗ್ರಾಂ ಬೆಳ್ಳಿ ನಗ ಹಿತ್ತಾಳಿಯಲ್ಲಿ ಸುಮಾರು 16.4 ಗ್ರಾಂ ತೂಗುತ್ತದೆ. ಲೋಹದ ಶುದ್ಧತೆ ಅಳೆಯುವ ಟಂಚ್ ಯಂತ್ರದಲ್ಲಿ ನೋಡಿಸುವುದಾದರೆ ಪಾಲಿಶ್ ಸವೆದ ಜಾಗದಲ್ಲಿ ನೋಡಲು ಹೇಳಿ, ಇಲ್ಲವಾದರೆ ಮೇಲಿನ ಬಂಗಾರವೂ ಲೆಕ್ಕದಲ್ಲಿ ಸೇರುತ್ತದೆ.

ಹಾವೇರಿ, ಹರಳು ಕೂಡಿಸುವ ಕೆಲಸ

ಪೇಟೆಯಲ್ಲಿ ‘ಹೈಡ್ರೋ’ ಹೆಸರಿನಲ್ಲಿ ಬರುವುದು ಬಹುಪಾಲು ಬಣ್ಣದ ಗಾಜು. ಪ್ರಯೋಗಾಲಯದಲ್ಲಿ ಬೆಳೆಸಿದ ಕೆಂಪು ಬೇರೆ: ಅದು ಗಣಿಯ ಮಾಣಿಕ್ಯದ್ದೇ ವಸ್ತು, ಗಡಸುತನ (1ರಿಂದ 10ರ ಅಳತೆಯಲ್ಲಿ) 9. ಗಾಜಿನದು ಐದೂವರೆ ಆಸುಪಾಸು. ನಮ್ಮ ಧೂಳಿನಲ್ಲಿ ಇರುವ ಮರಳಿನ ಕಣದ ಗಡಸುತನ 7, ಆದ್ದರಿಂದ ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಗಾಜು ಮಸಕಾಗುತ್ತದೆ. ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ಝಾಡಿಸಿ, ಆಮೇಲೆ ಒರೆಸಿ.

ಹರಳಿನ ಹಿಂದೆ ಬೆಗಡೆ ಹಾಳೆ (ಹೊಳೆಯುವ ತೆಳು ತಗಡು) ಇಟ್ಟು ಹರಳು ಕೂರುವ ಮನೆ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ, ಹಾಳೆ ಕಪ್ಪಾದರೆ ಹರಳು ಸತ್ತಂತೆ ಕಾಣುತ್ತದೆ. ಮೇಲಿನ ನೀರಿನ ಪರೀಕ್ಷೆಯೂ ಅದಕ್ಕೆ ಬೇಡ. ನನ್ನ ಮಟ್ಟಿಗೆ, ಲೋಹ ಬದಲಿಸಿದ್ದಕ್ಕಿಂತ ಹರಳನ್ನು ಹಿಡಿದಿಡುವ ಲೋಹದ ಹಲ್ಲು ಬಿಟ್ಟು ಬರೇ ಅಂಟಿಗೆ ಇಳಿಸಿದರೆ ಅದು ದೊಡ್ಡ ಕೊರತೆ.

ಧಾರವಾಡ, ಅಂಗಡಿ ಲೆಕ್ಕ ನೋಡುವವರು

ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆ (ತೆರಿಗೆಗಾಗಿ ಸರಕಿನ ಬಗೆ ಹೇಳುವ ಸಂಖ್ಯೆ) ನೋಡಿ. ಬೆಳ್ಳಿ-ಬಂಗಾರದ ಆಭರಣಕ್ಕೆ 7113, ಪಾಲಿಶ್ ಹಾಕಿದ ಹಿತ್ತಾಳಿಯಂಥದ್ದಕ್ಕೆ 7117. ಎರಡಕ್ಕೂ ಜಿಎಸ್‌ಟಿ 3%, ಹಾಗಾಗಿ ತೆರಿಗೆ ನೋಡಿ ಗೊತ್ತಾಗುವುದಿಲ್ಲ, ಸಂಖ್ಯೆಯೇ ಹೇಳಬೇಕು. ಬೆಳ್ಳಿಗೆ ಎಚ್‌ಯುಐಡಿ (ಪ್ರತಿ ನಗಕ್ಕೆ ಬೇರೆ ಬೇರೆ ಗುರುತಿನ ಸಂಖ್ಯೆ) ಇರುವ ಹಾಲ್‌ಮಾರ್ಕ್ 2025ರ ಸೆಪ್ಟೆಂಬರ್ 1ರಿಂದ ಬಂದಿದೆ, ಆದರೆ ಕಡ್ಡಾಯ ಮಾಡಿಲ್ಲ. ಇಲ್ಲದಿದ್ದ ಮಾತ್ರಕ್ಕೆ ಮೋಸ ಅನ್ನಬೇಡಿ. ಇದ್ದರೆ ಆ ಸಂಖ್ಯೆಯನ್ನು ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ನೋಡಿ.

ರೇಟಿನ ಮಾತು: 20.72 ಗ್ರಾಂ 925 ನಗದಲ್ಲಿ 19.17 ಗ್ರಾಂ ಶುದ್ಧ ಬೆಳ್ಳಿ ಇರುತ್ತದೆ, ಮುರಿಸಿದರೂ ಅದರ ಬೆಲೆ ಕೈಗೆ ಬರುತ್ತದೆ. ಹಿತ್ತಾಳಿಯದು ಮುರಿಸಿದರೆ ಏನೂ ಉಳಿಯದು. ಅಷ್ಟು ಬೆಲೆ ಇಳಿಯದೇ ಇದ್ದರೆ ನೀವು ವಿನ್ಯಾಸಕ್ಕೇ ದುಡ್ಡು ಕೊಡುತ್ತಿದ್ದೀರಿ. ಮನಸ್ಸಿಗೆ ಒಪ್ಪಿದರೆ ಕೊಡಿ, ಕೆಲಸಕ್ಕೂ ಬೆಲೆ ಇದೆ.

ಅದೇ ವಿನ್ಯಾಸವನ್ನು ಪತ್ತಾರರಿಗೆ ತೋರಿಸಿ ನಕಲು ಮಾಡಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅಚ್ಚು ಆ ಡಿಸೈನರ್ ಹತ್ತಿರವೇ ಇರುತ್ತದೆ. ಆರ್ಡರ್ ಮೇಲೆ 925ರಲ್ಲಿ ಎರಕ ಹೊಯ್ದು ಕೊಡುತ್ತೀರಾ ಎಂದು ಅವರಿಗೇ ಬರೆದು ಕೇಳಿ. ಮುಂಗಡ ಕೊಡುವ ಮೊದಲು ನಿವ್ವಳ ಬೆಳ್ಳಿ ತೂಕ, ಪಾಲಿಶ್ ಮೈಕ್ರಾನ್, ನಡುವಿನ ಪದರು, ತಿರುಪಿನ ಲೋಹ, ಹರಳಿನ ಹೆಸರು ಇಷ್ಟೂ ಅವರ ಉತ್ತರದಲ್ಲಿ ಬರಲಿ.